ಹೊಗೆ ಕಂಡರೆ ಬಿಡುವ ಬಾಗಿಲು

ಹಾರನಹಳ್ಳಿಯ ಚಲುವಯ್ಯನವರ ಹೊಗೆಸೊಪ್ಪಿನ ಗೋಡೌನಿಗೆ ಅಲಾರಂ ಕೂರಿಸುವ ಕೆಲಸ ಪದ್ಮಶ್ರೀಗೆ ಸಿಕ್ಕಿತ್ತು. ಭೇರ್ಯ ಎಂಬ ಊರಿನ ಹುಡುಗಿ, ಐಟಿಐ ಮುಗಿಸಿ ಪಿರಿಯಾಪಟ್ಟಣದಲ್ಲಿ ಹೊಸದಾಗಿ ಅಂಗಡಿ ಇಟ್ಟಿದ್ದಳು.

ಗೋಡೌನಿನಲ್ಲಿ ಸುನಂದಮ್ಮ ಮತ್ತು ಅವಳ ಓರಗೆಯ ಹೆಂಗಸರು ಒಣಗಿದ ಸೊಪ್ಪನ್ನು ಬಣ್ಣ ನೋಡಿ ವಿಂಗಡಿಸುತ್ತಿದ್ದರು. ಅಲ್ಲಿಗಿದ್ದದ್ದು ಒಂದೇ ಬಾಗಿಲು. ಹಿಂದಿನ ವರ್ಷ ಸೊಪ್ಪಿನ ಬೇಲುಗಳು ಕಳುವಾಗಿದ್ದರಿಂದ ಚಲುವಯ್ಯ ಈಗ ಅದಕ್ಕೆ ಕರೆಂಟಿನ ಬೀಗ ತರಿಸಿದ್ದರು; ಇನ್ನು ಮುಂದೆ ಹೆಂಗಸರು ಒಳಗೆ ಕೆಲಸದಲ್ಲಿದ್ದಾಗಲೂ ಬೀಗ ಬಿದ್ದಿರಬೇಕೆಂದು ಅವರ ಕಟ್ಟಪ್ಪಣೆ. ಕರೆಂಟ್ ಹರಿಯುವ ತನಕ ಅದು ಬಾಗಿಲನ್ನು ಕಚ್ಚಿ ಹಿಡಿಯುತ್ತದೆ; ಲೈನ್ ಹೋದರೆ ಬ್ಯಾಟರಿ ಇದೆ. ತೆರೆಯುವ ಕಾರ್ಡು ಮಾತ್ರ ಅವರ ಜೇಬಿನಲ್ಲಿ.

ಚಾವಣಿಯ ಹೊಗೆ ಸೆನ್ಸಾರಿನ ತಂತಿಯನ್ನು ಅಲಾರಂ ಪ್ಯಾನೆಲ್ಲಿನ ಇನ್‌ಪುಟ್ಟಿಗೆ, ಅದರ ಒಂದು ರಿಲೇ ಸ್ವಿಚ್ಚನ್ನು ಸೈರನ್ನಿಗೆ ಸೇರಿಸಿ, ಪದ್ಮಶ್ರೀ ಇನ್ನೊಂದು ರಿಲೇಯ ತಂತಿ ಎಳೆಯುತ್ತಿದ್ದಾಗ ಚಲುವಯ್ಯ ಬಂದರು.

"ಅದೆಲ್ಲಿಗೆ?"

"ಬೀಗಕ್ಕೆ ಗೌಡ್ರೇ. ಒಗೆ ಎದ್ರೆ ಬೀಗದ ಕರೆಂಟ್ ಕಟ್ಟಾಗ್ತದೆ. ಬಾಗ್ಲು ಬುಟ್ಕೊತದೆ."

"ಬ್ಯಾಡ. ಯಾರಾರ ಬೀಡಿ ಹಚ್ಚಿ, ಬಾಗ್ಲು ತೆಗೆಸ್ಕೊಂಡು ಸೊಪ್ಪು ಸಾಗಿಸ್ತಾರೆ. ಸೈರನ್ ಸಾಕು, ನಾನು ಬಂದು ತೆಗಿತೀನಿ."

"ನೀವು ಪೇಟೇಲಿದ್ರೆ?"

"ಅದು ನಿಂಗ್ಯಾಕೆ? ಏಳ್ದಷ್ಟು ಮಾಡವ್ವ."

ಒಳಗೆ ಸೂರು ಮುಟ್ಟುವಂತೆ ಒಣ ಸೊಪ್ಪು, ಅದರ ನಡುವೆ ಕೂತ ಹೆಂಗಸರು. ಪದ್ಮಶ್ರೀ ಸ್ಕ್ರೂಡ್ರೈವರ್ ಕೆಳಗಿಟ್ಟಳು.

"ಅಂಗಾದ್ರೆ ನಾನು ಮಾಡಕಿಲ್ಲ."

"ಮೈಸೂರಿಂದ ಬೇರೆಯೋರ್ನ ಕರೆಸ್ತೀನಿ. ಈ ತಾಲೂಕಲ್ಲಿ ನಿಂಗೆ ಯಾರೂ ಕೆಲ್ಸ ಕೊಡ್ದಂಗೂ ಮಾಡ್ತೀನಿ."

"ಮಾಡಿ. ಇವ್ರನ್ನ ಒಳಗಿಟ್ಟು ಬೀಗ ಜಡಿಯೋಕೆ ನನ್ನ ಕೈ ಬರಕಿಲ್ಲ."

ಅದು ಬರಿಯ ಬೆದರಿಕೆಯಲ್ಲ; ಸುತ್ತಲ ಊರುಗಳಲ್ಲೆಲ್ಲ ಚಲುವಯ್ಯನವರ ನೆಂಟರಿದ್ದರು. ಆದರೂ ಅವಳು ಸ್ಕೂಟರಿನ ಕಡೆ ಹೋಗದೆ ನೇರ ಗೋಡೌನಿನ ಒಳಗೆ ನಡೆದಳು.

"ಸುನಂದಕ್ಕ, ಬೆಂಕಿ ಬಿದ್ರೂ ಈ ಬಾಗ್ಲು ಒಳಗಿಂದ ತೆಗೆಯೋಕಾಗಕಿಲ್ಲ. ಅಂಗೇ ಇರ್ಲಿ ಅಂತವ್ರೆ ಗೌಡ್ರು. ನಿಮಗೆ ಗೊತ್ತಿರ್ಲಿ."

ಸುನಂದಮ್ಮ ಕೈಯ ಕಂದು ಧೂಳನ್ನು ಸೆರಗಿಗೆ ಒರೆಸಿಕೊಂಡು ಎದ್ದಳು.

"ದಿಟವಾ ಅಣ್ಣ?"

"ಕಳ್ರ ಕಾಟಕ್ಕೆ ಕಣಮ್ಮ," ಎಂದರು ಬಾಗಿಲಿಗೆ ಬಂದು ನಿಂತಿದ್ದ ಚಲುವಯ್ಯ.

"ಕಳ್ರು ಒರಗಿಂದ ಬರೋರು. ನಾವು ಒಳಗಿರೋರು."

ಸುನಂದಮ್ಮ ಹೊರಬಂದು ಹೊಂಗೆ ಮರದ ಕೆಳಗೆ ಕೂತಳು. ಒಬ್ಬೊಬ್ಬರಾಗಿ ಎಲ್ಲರೂ ಬಂದು ಕೂತರು. ಮಾರನೆಯ ದಿನ ಹರಾಜಿಗೆ ಹೋಗಬೇಕಾದ ಸೊಪ್ಪು ಒಳಗೆ ಹರಡಿಕೊಂಡೇ ಬಿದ್ದಿತ್ತು.

"ಹುಣಸೂರು ಕಡೆಯಿಂದ ಬೇರೆ ಆಳು ತರ್ತೀನಿ," ಎಂದು ಚಲುವಯ್ಯ ಗದರಿದರು.

"ತನ್ನಿ. ಅವ್ರಿಗೂ ಬಾಗ್ಲ ಕಥೆ ನಾವೇ ಏಳ್ತೀವಿ," ಎಂದಳು ಸುನಂದಮ್ಮ.

ಬಿಸಿಲು ಇಳಿಯುವವರೆಗೂ ಚಲುವಯ್ಯ ಆಳುಗಳಿಗಾಗಿ ಫೋನ್ ಮಾಡಿದರು. ಹಂಗಾಮಿನ ದಿನ, ಎಲ್ಲ ಆಳುಗಳೂ ಬೇರೆಡೆ ಕೆಲಸದಲ್ಲಿದ್ದರು. ಕೊನೆಗೆ ಪದ್ಮಶ್ರೀಯ ಮುಖ ನೋಡದೆಯೇ, "ಎಳೆದಾಕು ಆ ತಂತಿನ," ಎಂದರು.

ತಂತಿ ಸೇರಿಸಿದ ಮೇಲೆ ಪಕ್ಕದಲ್ಲಿ ನೀರಿನ ಬಕೆಟ್ ಇಟ್ಟುಕೊಂಡು, ಸುನಂದಮ್ಮನೇ ಏಣಿ ಹತ್ತಿ ಸೆನ್ಸಾರಿನ ಕೆಳಗೆ ಊದುಬತ್ತಿ ಹಿಡಿದಳು. ಸೈರನ್ ಕೂಗಿತು. ಬೀಗ ಟಕ್ಕೆಂದು ಬಿಟ್ಟಿತು. ಅವಳಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ; ಇನ್ನೊಮ್ಮೆ ಬೀಗ ಹಾಕಿಸಿ, ಹೊಗೆ ತೋರಿಸಿ, ಹೆಂಗಸರ ಕೈಯಲ್ಲೇ ಬಾಗಿಲು ತಳ್ಳಿಸಿದಳು.

"ಇನ್ನು ಈ ಕಡೆ ತಲೆ ಆಕ್ಬ್ಯಾಡ," ಎಂದರು ಚಲುವಯ್ಯ ಪದ್ಮಶ್ರೀಗೆ.

"ಈ ತಂತಿ ಯಾರಾರ ಕಿತ್ರೆ ಬತ್ತೀನಿ ಗೌಡ್ರೇ."

"ನಾವೇ ಕರಿತೀವಿ ಬುಡವ್ವ," ಎಂದಳು ಸುನಂದಮ್ಮ.

ಆ ವಾರವೇ ಚಲುವಯ್ಯನವರ ಅಳಿಯನ ಮನೆಯ ಕ್ಯಾಮೆರಾ ಕೆಲಸ ಪದ್ಮಶ್ರೀಯ ಕೈತಪ್ಪಿತು. ಅವರ ನೆಂಟರೊಬ್ಬರು ದಾರಿಯಲ್ಲಿ ಸಿಕ್ಕರೂ ಮಾತಾಡಿಸಲಿಲ್ಲ. ಅವಳು ಯಾರ ಮನೆ ಬಾಗಿಲಿಗೂ ಹೋಗಿ ಕ್ಷಮೆ ಕೇಳಲಿಲ್ಲ. ಎಂದಿನಂತೆ ಹೊತ್ತಿಗೆ ಸರಿಯಾಗಿ ಅಂಗಡಿಯ ಷಟರ್ ಎತ್ತಿದಳು.