ಜಾರಿದ ಬಾಚಣಿಗೆ

ಬ್ಯೂಟಿಷಿಯನ್ ಲೈಸೆನ್ಸಿನ ಪರೀಕ್ಷೆ ಸೋಮವಾರವಿತ್ತು. ಹಿಂದಿನ ಸಲ ಫೇಲಾಗಿದ್ದ ರೆನೇಟಾ, ಅಮೆರಿಕದ ಮೊಬೀಲ್ ಊರಿನ ತನ್ನ ತಾಯಿಯ ಪಾರ್ಲರಿನಲ್ಲಿ ಪ್ಲಾಸ್ಟಿಕ್ ತಲೆಯೊಂದನ್ನು ಮೇಜಿಗೆ ಬಿಗಿದು ಅದರ ಕೂದಲನ್ನು ಎಳೆ ಎಳೆಯಾಗಿ ಪ್ಲಾಸ್ಟಿಕ್ ಕಡ್ಡಿಗಳಿಗೆ ಸುರುಳಿ ಸುತ್ತುತ್ತಿದ್ದಳು. ತಾಯಿ ವರ್ಡೆಲ್ ಹುರಿದ ಬೆಂಡೆಕಾಯಿ ತಿನ್ನುತ್ತ ನೋಡುತ್ತಿದ್ದಳು.

"ಅಷ್ಟು ಸಣ್ಣ ಎಳೆ ಯಾಕೇ? ನೀನು ಮುಗಿಸೋದ್ರೊಳಗೆ ಗಿರಾಕಿಗೆ ನರೆ ಬಂದಿರುತ್ತೆ."

"ಪರೀಕ್ಷೇಲಿ ಹೀಗೇ ಕೇಳ್ತಾರಮ್ಮ."

"ಈ ಊರಿನ ಅರ್ಧ ಜನರ ತಲೆ ನನ್ನ ಕೈಯಲ್ಲೇ ಆಗಿರೋದು. ಯಾರೂ ಹೀಗೆ ಕೇಳಿಲ್ಲ."

ರೆನೇಟಾಳ ಕೈಯಿಂದ ಬಾಚಣಿಗೆ ಜಾರಿತು. ಬಿದ್ದದ್ದನ್ನು ಮತ್ತೆ ಬಳಸುವಂತಿಲ್ಲ. ಕೈ ಶುದ್ಧ ಮಾಡಿಕೊಂಡು ಬೇರೆಯದನ್ನು ತೆಗೆದುಕೊಳ್ಳಬೇಕೆಂಬುದು ಪರೀಕ್ಷೆಯ ನಿಯಮ. ಅಷ್ಟರಲ್ಲೇ ವರ್ಡೆಲ್ ಅದನ್ನೆತ್ತಿ, ಏಪ್ರನ್ನಿಗೆ ಒರೆಸಿ ಮಗಳ ಕೈಗಿತ್ತಳು. ರೆನೇಟಾ ಯೋಚಿಸದೆ ಅದರಲ್ಲೇ ಮುಂದಿನ ಎಳೆ ಬಿಡಿಸಿದಳು. ಆಮೇಲೆ ಅರಿವಾಗಿ, ಸುತ್ತಿದ್ದ ಕಡ್ಡಿಗಳನ್ನೆಲ್ಲ ಕಿತ್ತು ಸಿಂಕಿಗೆ ಎಸೆದಳು.

"ಹೋದ ಸಲ ಫೇಲಾಗಿದ್ದೂ ಇದಕ್ಕೇ. ನಿನ್ನಿಂದ ಕಲಿತ ಅಭ್ಯಾಸ ಇದು."

ವರ್ಡೆಲ್ ತಟ್ಟೆ ಕೆಳಗಿಟ್ಟಳು. "ಅಂದ್ರೆ ಇವತ್ತು ಆ ಪರೀಕ್ಷೆಗೆ ಕೂತ್ರೆ ನಾನೂ ಫೇಲಾ?"

"ಶುರು ಮಾಡೋಕೆ ಮುಂಚೇನೇ."

ತಾಯಿ ಕೈಚೀಲ ಎತ್ತಿಕೊಂಡು ಹೊರಟುಹೋದಳು. ರೆನೇಟಾ ಪ್ಲಾಸ್ಟಿಕ್ ತಲೆಯನ್ನು ಕಂಕುಳಲ್ಲಿ ಅವುಚಿಕೊಂಡು ಗೆಳತಿಯ ಮನೆಗೆ ಹೋದಳು. ಉಳಿದ ಅಭ್ಯಾಸವೆಲ್ಲ ಅಲ್ಲಿನ ಅಡುಗೆಮನೆಯಲ್ಲೇ ನಡೆಯಿತು.

ಸೋಮವಾರ ಪರೀಕ್ಷೆ ಮುಗಿಯಿತು. ಪಾಸಾದ ಸುದ್ದಿ ಬಂದ ದಿನ ರೆನೇಟಾ ಕಾರಿನಲ್ಲಿ ಕೂತೇ ತಾಯಿಗೆ ಫೋನ್ ಮಾಡಿದಳು.

"ಒಳ್ಳೇದು," ಎಂದಳು ವರ್ಡೆಲ್. "ನಾಳೆ ಬೇಗ ಬಾ. ಮದುವೆ ಹುಡುಗಿ ಬರ್ತಾಳೆ, ನೀನು ಅವಳ ತಲೆ ತೊಳಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಪಾಸಾದರೂ ತನ್ನ ಪಾಲಿಗೆ ತಲೆ ತೊಳೆಯುವ ಕೆಲಸವೇ ಎಂದುಕೊಂಡು ರೆನೇಟಾ ಫೋನಿಟ್ಟು, ಗಾಡಿ ಚಾಲೂ ಮಾಡದೆ ಹಾಗೇ ಕೂತಳು.