ಕೆಂಪು ಮುಚ್ಚಳದ ಡಬ್ಬಿಯ ತಾಯಿ

ಕಟಿಂಗ್ ಅಂಗಡಿಯವನಿಗೆ ಹುಳುಹುಪ್ಪಟೆ ಕಂಡರಾಗದು. ಜಿರಲೆಯೊಂದು ಕಾಲ ಮೇಲೆ ಹರಿದಾಗ ಗಿರಾಕಿಯ ಗಡ್ಡವನ್ನು ಅರ್ಧಕ್ಕೇ ಬಿಟ್ಟು ಬೀದಿಗೆ ಓಡಿದ ಖ್ಯಾತಿ ಅವನದು. ಅಂಥವನ ಮನೆಯಲ್ಲಿ, ಅಡುಗೆಮನೆಯ ಸಿಂಕಿನ ಕೆಳಗಿನ ಕಪಾಟಿನಲ್ಲಿ, ಅವನ ಹೆಂಡತಿ ಕಿವಿಹುಳ ಸಾಕುತ್ತಿದ್ದಳು. ನಾಲ್ಕು ದಿನ ಇಟ್ಟುಕೊಂಡು ಬಿಡುವ ಹುಚ್ಚಲ್ಲ. ವರ್ಷಗಳಿಂದ ಮೊಟ್ಟೆ ಇಡಿಸಿ, ಮರಿ ಮಾಡಿಸಿ, ಆ ಮರಿಗಳ ಮರಿಗಳನ್ನೂ ಡಬ್ಬಿ ಡಬ್ಬಿಯಲ್ಲಿ ಬೆಳೆಸಿದ ದೊಡ್ಡ ಸಂಸಾರ.

ಬಾಲದ ತುದಿಯಲ್ಲಿ ಇಕ್ಕಳವಿರುವ, ಬೆರಳಿನ ಒಂದು ಗೆಣ್ಣಿನಷ್ಟುದ್ದದ ಕಂದು ಹುಳ ಅದು. ಕಿವಿಯೊಳಗೆ ನುಗ್ಗಿ ಮಿದುಳು ತಿನ್ನುತ್ತದೆಂದು ಜನ ಹೆದರುತ್ತಾರೆ. “ಎಲ್ಲಾ ಸುಳ್ಳು. ಅವಕ್ಕೆ ಬೇಕಾಗಿರೋದು ಒದ್ದೆ ಮಣ್ಣು, ಕತ್ತಲು, ಅಷ್ಟೇ” ಎನ್ನುತ್ತಿದ್ದಳು ಹೆಂಡತಿ. ಅವಳಿಗೆ ಸಸಿ ಮಾರುವ ನರ್ಸರಿಯಲ್ಲಿ ಕುಂಡಕ್ಕೆ ಮಣ್ಣು ತುಂಬುವ ಕೆಲಸ. ಒಮ್ಮೆ ಒಡೆದ ಕುಂಡ ಎತ್ತಿದಾಗ ಅದರಡಿಯಲ್ಲಿ ಒಂದು ಹುಳ ತನ್ನ ಮೊಟ್ಟೆಗಳನ್ನು ಒಂದೊಂದಾಗಿ ಬಾಯಲ್ಲೆತ್ತಿ, ನೆಕ್ಕಿ, ಮತ್ತೆ ಗುಡ್ಡೆ ಹಾಕುತ್ತಿತ್ತಂತೆ. ಇವಳು ಕೆಲಸ ಮರೆತು ನೋಡುತ್ತ ಕೂತಳು. ಸಂಜೆ ಅದನ್ನು ಮನೆಗೇ ತಂದಳು.

“ಊಟದ ಡಬ್ಬೀಲಾ?” ಅವನು ಕೇಳಿದ್ದ.

“ತೊಳ್ದು ಹಾಕಿದೀನಲ್ರೀ.”

ಅವನು ಕಪಾಟಿನ ಹತ್ತಿರ ಸುಳಿಯುತ್ತಿರಲಿಲ್ಲ, ಅವಳು ಬಲವಂತ ಮಾಡುತ್ತಲೂ ಇರಲಿಲ್ಲ. ಅವಳ ಹೊಟ್ಟೆನೋವು ಹೆಚ್ಚಾಗಿ ಆಸ್ಪತ್ರೆಗೆ ಸೇರಿಸಬೇಕಾದ ದಿನ ಮಾತ್ರ, ಚೀಲಕ್ಕೆ ಬಟ್ಟೆ ತುಂಬುತ್ತಿದ್ದವನನ್ನು ಕರೆದು ಕಪಾಟಿನ ಮುಂದೆ ಕೂರಿಸಿದಳು.

“ದಿನಾ ಒಂಚೂರು ನೀರು ಚಿಮುಕಿಸಿ. ಎರಡು ದಿನಕ್ಕೊಮ್ಮೆ ಕ್ಯಾರೆಟ್ ಚೂರು ಹಾಕಿ, ಹಳೇದು ತೆಗೀರಿ. ಈ ಕೆಂಪು ಮುಚ್ಚಳದ್ದಿದೆಯಲ್ಲ, ಇದ್ರಲ್ಲಿ ತಾಯಿ ಮೊಟ್ಟೆ ಮೇಲೆ ಕೂತಿದಾಳೆ. ಒಳಗಿರೋ ಮರದ ತೊಗಟೆ ಮಾತ್ರ ಎತ್ಬೇಡಿ. ಬೆಳಕು ಬಿದ್ರೆ ಗಾಬರಿಯಾಗಿ ತನ್ನ ಮೊಟ್ಟೆ ತಾನೇ ತಿಂದ್ಬಿಡ್ತಾಳೆ.”

“ನಾನ್ಯಾಕೆ ಎತ್ಲಿ? ಮುಟ್ಟೋದೂ ಇಲ್ಲ.”

ಆದರೆ ಹೆಂಡತಿಯಿಲ್ಲದ ಮನೆ ಮನುಷ್ಯನಿಂದ ಏನೇನೋ ಮಾಡಿಸುತ್ತದೆ. ಮೊದಲ ದಿನ ಮೂಗು ಮುಚ್ಚಿಕೊಂಡು ನೀರು ಚಿಮುಕಿಸಿದ. ಆಮೇಲೆ ಕೆಂಪು ಮುಚ್ಚಳದ ಡಬ್ಬಿಯಲ್ಲಿ ಸದ್ದೂ ಇಲ್ಲ, ಅಲುಗಾಟವೂ ಇಲ್ಲವೆಂದು ಚಿಂತೆ ಹತ್ತಿತು. ಸತ್ತುಗಿತ್ತು ಹೋಗಿದ್ದರೆ ಅವಳಿಗೇನು ಹೇಳಲಿ? ಒಂದು ಬೆಳಿಗ್ಗೆ ಅಂಗಡಿಗೆ ಹೊರಟವನು ತಡೆಯಲಾರದೆ ಬಾಚಣಿಗೆಯ ತುದಿಯಿಂದ ತೊಗಟೆ ಎತ್ತಿದ. ತಾಯಿ ಇದ್ದಳು. ಮುತ್ತಿನಂಥ ಮೊಟ್ಟೆಗಳ ಮೇಲೆ ಮೈಚಾಚಿ, ಬಾಲದ ಇಕ್ಕಳ ಎತ್ತಿ, ಅವನನ್ನೇ ಎದುರಿಸುವವಳಂತೆ ನಿಂತಳು. ಅವನು ತೊಗಟೆ ಕೈಬಿಟ್ಟು ಹಿಂದೆ ಸರಿದ.

ಸಂಜೆ ಬಂದು ನೋಡಿದರೆ ಒಂದು ಮೊಟ್ಟೆಯೂ ಇರಲಿಲ್ಲ. ಹೊಟ್ಟೆ ಊದಿಕೊಂಡ ತಾಯಿ ಡಬ್ಬಿಯ ಗೋಡೆಗುಂಟ ಸುಮ್ಮನೆ ಸುತ್ತುತ್ತಿತ್ತು. ಎರಡು ದಿನದಲ್ಲಿ ಅದೂ ಅಂಗಾತ ಬಿದ್ದು ಸತ್ತಿತು.

ಆ ವಾರವೇ ಡಾಕ್ಟರು ಅವನನ್ನೂ ನಾದಿನಿಯನ್ನೂ ವಾರ್ಡಿನ ಹೊರಗೆ ಕರೆದು ಹೇಳಿದರು. ಹೊಟ್ಟೆಯೊಳಗಿನ ಗೆಡ್ಡೆ ಯಕೃತ್ತಿಗೂ ಹರಡಿದೆ. ಕೊಯ್ಯುವ ಹಾಗಿಲ್ಲ. ಇನ್ನು ನೋವು ಕಡಿಮೆ ಮಾಡಬಹುದು, ಅಷ್ಟೇ. ಡಾಕ್ಟರಿಗೆ ಬೇರೆ ರೋಗಿ ಕಾಯುತ್ತಿದ್ದರು, ಹೊರಟುಹೋದರು. ನಾದಿನಿ ಸೆರಗು ಬಾಯಿಗೊತ್ತಿಕೊಂಡಳು.

“ಭಾವ, ಅಕ್ಕನಿಗೆ ಹೇಳ್ಬೇಡಿ. ಅವಳು ತಡ್ಕೊಳ್ಳಲ್ಲ. ಇರೋವಷ್ಟು ದಿನ ನಗ್ತಾ ಇರ್ಲಿ.”

ಅವನು ತಲೆಯಾಡಿಸಿದ. ಇಬ್ಬರೂ ಮುಖ ತೊಳೆದುಕೊಂಡು ಒಳಗೆ ಹೋದರು. ಹೆಂಡತಿ ಕೇಳಿದ ಮೊದಲ ಮಾತು, “ಹೆಂಗಿದಾಳ್ರೀ ನಮ್ಮ ತಾಯಿ?”

“ಗಟ್ಟಿಮುಟ್ಟಾಗಿದಾಳೆ. ಮೊಟ್ಟೆ ಬಿಟ್ಟು ಅಲ್ಲಾಡಲ್ಲ.”

“ಡಾಕ್ಟ್ರು ಏನಂದ್ರು?”

“ಔಷಧಿ ಹಿಡೀತಿದೆ ಅಂದ್ರು. ಗೆಡ್ಡೆ ಕರಗ್ತಾ ಇದೆಯಂತೆ.”

ಒಂದೇ ಉಸಿರಿನಲ್ಲಿ ಎರಡೂ ಸುಳ್ಳು ಬೆಣ್ಣೆಯಿಂದ ಕೂದಲು ತೆಗೆದಂತೆ ಬಂದವು. ಬೋಳುತಲೆಯವನಿಗೂ ‘ಕೂದಲು ಒತ್ತಾಗ್ತಾ ಇದೆ ಸಾರ್’ ಎಂದು ಹೇಳಿ ಹೊಟ್ಟೆ ಹೊರೆದವನಿಗೆ ಅದೇನೂ ಕಷ್ಟವಾಗಲಿಲ್ಲ. ಕಷ್ಟವಾಗಲಿಲ್ಲವಲ್ಲ ಎಂಬುದೇ ಆಮೇಲೆ ಬಸ್ಸಿನಲ್ಲಿ ಅವನನ್ನು ಹಿಂಡಿತು.

ಅಲ್ಲಿಂದ ಮುಂದೆ ದಿನಕ್ಕೊಂದು ಸುದ್ದಿ ಹೊಸೆದ. ಮೊಟ್ಟೆ ಒಡೆದವು. ಮರಿಗಳು ಅಕ್ಕಿನುಚ್ಚಿನಷ್ಟು ಬೆಳ್ಳಗಿವೆ. ತಾಯಿ ಅವನ್ನು ಹೊಟ್ಟೆಯಡಿ ಸೇರಿಸಿಕೊಂಡು ಮಲಗುತ್ತಾಳೆ. ಹೆಂಡತಿ ದಿಂಬಿಗೊರಗಿ ಕಣ್ಣರಳಿಸಿ ಕೇಳುತ್ತಿದ್ದಳು. ಸುದ್ದಿ ಮುಗಿಯುವಷ್ಟರಲ್ಲಿ ನಾಲ್ಕು ಚಮಚ ಗಂಜಿ ಹೆಚ್ಚಿಗೆ ಒಳಗೆ ಹೋಗಿರುತ್ತಿತ್ತು. ಪಕ್ಕದ ಹಾಸಿಗೆಯ ಮುದುಕಿ ಕೂಡ, “ಬಾಣಂತಿ ಚೆನ್ನಾಗಿದಾಳೇನಪ್ಪ?” ಎಂದು ವಿಚಾರಿಸತೊಡಗಿದಳು.

ಕೊನೆಗೆ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರು. ಗುಣವಾಯಿತೆಂದೇ ಬಿಡುತ್ತಿದ್ದಾರೆ ಎಂದುಕೊಂಡ ಹೆಂಡತಿ ನರ್ಸುಗಳಿಗೆಲ್ಲ ಕೈಮುಗಿದಳು. ಇತ್ತ ಅವನಿಗೆ ಖಾಲಿ ಡಬ್ಬಿಯ ಚಿಂತೆ ಹತ್ತಿತು. ಅವಳನ್ನು ಕರೆತರುವ ಹಿಂದಿನ ದಿನವೇ ಅಂಗಡಿ ಮುಚ್ಚಿ ನರ್ಸರಿಗೆ ಓಡಿ, ಕುಂಡಗಳ ಅಡಿಯೆಲ್ಲ ತಡಕಿದ. ಜೀವಮಾನದಲ್ಲಿ ಮೊದಲ ಸಲ ಬರಿಗೈಯಲ್ಲಿ ಹುಳ ಹಿಡಿದ. ಅದು ಬೆರಳಿಗೆ ಇಕ್ಕಳ ಹಾಕಿತು. ಬಿಡದೆ ತಂದು ಕೆಂಪು ಮುಚ್ಚಳದ ಡಬ್ಬಿಗೆ ಹಾಕಿ, ಬೇರೆ ಡಬ್ಬಿಗಳಿಂದ ಒಂದಷ್ಟು ಮರಿಗಳನ್ನು ಆಯ್ದು ಜೊತೆಗೆ ಬಿಟ್ಟ.

ಮನೆಗೆ ಬಂದವಳು ಮಂಚಕ್ಕೆ ಹೋಗಲಿಲ್ಲ. ಅಡುಗೆಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು, ಡಬ್ಬಿಯನ್ನು ತೊಡೆಯ ಮೇಲಿಟ್ಟು ತೊಗಟೆ ಎತ್ತಿದಳು. ತುಂಬ ಹೊತ್ತು ನೋಡಿದಳು. ಆಮೇಲೆ ಅವಳ ಭುಜ ಕುಲುಕತೊಡಗಿತು. ಅಳುತ್ತಿದ್ದಾಳೆಂದು ಅವನು ಹತ್ತಿರ ಹೋದರೆ, ನಗುತ್ತಿದ್ದಳು.

“ರೀ, ಇದು ಗಂಡು.”

“ಆಂ?”

“ಇಕ್ಕಳ ಬಾಗಿದೆ ನೋಡಿ, ಬಳೆ ತುಂಡಿನ ಹಾಗೆ. ಹೆಣ್ಣಿಗೆ ನೆಟ್ಟಗಿರುತ್ತೆ.” ನಗು ಕೆಮ್ಮಾಯಿತು. ಅವನು ನೀರು ಕೊಟ್ಟ. “ಎಲ್ಲಿಂದ ತಂದ್ರಿ?”

“ನರ್ಸರಿಯಿಂದ.”

“ನೀವೇ ಹಿಡಿದ್ರಾ? ಕೈಯಲ್ಲಿ?” ಅವನ ಬೆರಳು ಹಿಡಿದು ಕೆಂಪು ಗುರುತು ನೋಡಿದಳು. “ಅವಳು?”

“ಮೊಟ್ಟೆ ತಿಂದ್ಬಿಟ್ಲು. ನಾನೇ ತೊಗಟೆ ಎತ್ತಿದ್ದು. ಆಮೇಲೆ ಅವಳೂ ಹೋದ್ಲು.”

“ಯಾವಾಗ?”

“ನೀನು ಸೇರಿದ ವಾರವೇ.”

ಹೆಂಡತಿ ಮುಚ್ಚಳ ಹಾಕಿ ನಾಲ್ಕೂ ಮೂಲೆ ಒತ್ತಿದಳು. ಮುಖದಲ್ಲಿ ನಗು ಇನ್ನೂ ಸ್ವಲ್ಪ ಉಳಿದಿತ್ತು. ಅದು ನಿಧಾನವಾಗಿ ಆರಿಹೋಗುವುದನ್ನು ಅವನು ನಿಂತು ನೋಡಿದ. ಅವಳು ಏನು ಲೆಕ್ಕ ಹಾಕುತ್ತಿದ್ದಾಳೆಂದು ಅವಳು ಬಾಯಿ ತೆರೆಯುವ ಮುಂಚೆಯೇ ತಿಳಿಯಿತು.

“ಹಂಗಾದ್ರೆ, ಡಾಕ್ಟ್ರು ಅಂದಿದ್ದು?”

ಅವನ ಬಾಯಿಗೆ ಏನಾದರೂ ಸಿಹಿಮಾತು ಬರಬೇಕಿತ್ತು. ಇಷ್ಟು ವರ್ಷ ಕೈಕೊಡದ ನಾಲಿಗೆ ಈಗ ಕೈಕೊಟ್ಟಿತು. ಅವನು ನೆಲದ ಮೇಲೆ ಕೂತು ಅವಳ ಮೊಣಕಾಲಿಗೆ ಹಣೆಯಿಟ್ಟ. ಅವಳು ಅವನ ತಲೆಯ ಮೇಲೆ ಕೈಯಿಟ್ಟು, “ಹೇಳಿ” ಎಂದಳು. ಹೇಳಿದ. ಡಾಕ್ಟರು ಹೇಳಿದ್ದಷ್ಟನ್ನೂ, ಕೂಡಿಸದೆ, ಕಳೆಯದೆ.

“ತಂಗಿಗೆ ಗೊತ್ತಾ?”

“ಗೊತ್ತು. ನಿಂಗೆ ಹೇಳ್ಬೇಡಿ ಅಂದಿದ್ದೂ ಅವಳೇ.”

ಆಚೆ ಬೀದಿಯಲ್ಲಿ ಯಾರೋ ಸ್ಕೂಟರ್ ಚಾಲೂ ಮಾಡಲು ಒದೆಯುತ್ತಲೇ ಇದ್ದರು. ಅದು ಹೊರಟುಹೋದ ಮೇಲೆ ಹೆಂಡತಿ ಹೇಳಿದಳು.

“ನಂಗೆ ಗೊತ್ತಾಯ್ತು ಅಂತ ಅವಳಿಗೆ ಹೇಳ್ಬೇಡಿ. ನಾನು ನಗ್ತಾ ಇದೀನಿ ಅಂತ್ಲೇ ಅವಳು ಜೀವ ಹಿಡ್ಕೊಂಡಿದಾಳೆ.”

ಡಬ್ಬಿಯನ್ನು ಅವನ ಕೈಗೆ ಕೊಟ್ಟಳು. ಆಮೇಲೆ ಹುಳಗಳ ಸುದ್ದಿಯನ್ನೇ ಅವಳು ಎತ್ತಲಿಲ್ಲ. ಮಣ್ಣಿನಲ್ಲಿ ಬಿಳಿ ಎಳೆ ಕಾಣುತ್ತಿದೆ, ಏನು ಮಾಡಲಿ ಎಂದು ಅವನು ಕೇಳಿದರೆ ಗೋಡೆ ಕಡೆ ತಿರುಗಿ, “ಬಿಡಿ, ಇನ್ನೇನ್ಮಾಡೋದು” ಎಂದಳು. ಅವನು ನೀರು ಚಿಮುಕಿಸುವುದನ್ನು ಬಿಡಲಿಲ್ಲ. ಹೆಚ್ಚಾಯಿತೋ ಕಡಿಮೆಯಾಯಿತೋ ಅವನಿಗೆ ತಿಳಿಯಲಿಲ್ಲ. ಒಂದರ ಹಿಂದೊಂದು ಡಬ್ಬಿಗೆ ಬೂಷ್ಟು ಹಿಡಿಯಿತು. ಖಾಲಿಯಾದವನ್ನು ತೊಳೆದು ಬಾಲ್ಕನಿಯಲ್ಲಿ ಒಣಗಲಿಟ್ಟ.

ನಾದಿನಿ ಬರುವ ಹೊತ್ತಿಗೆ ಮಾತ್ರ ಹೆಂಡತಿ ತಲೆ ಬಾಚಿಸಿಕೊಂಡು, ಕೆನ್ನೆಗೆ ಪೌಡರ್ ತಟ್ಟಿಸಿಕೊಂಡು, ದಿಂಬಿಗೊರಗಿ ಕೂರುತ್ತಿದ್ದಳು. “ಇವತ್ತು ಎರಡು ಸಲ ಊಟ ಮಾಡ್ದೆ ಕಣೇ” ಎನ್ನುತ್ತಿದ್ದಳು. “ಮುಖದಲ್ಲಿ ಕಳೆ ಬಂದಿದೆ ಅಕ್ಕ” ಎನ್ನುತ್ತಿದ್ದಳು ತಂಗಿ. ಇಬ್ಬರೂ ನಗುತ್ತಿದ್ದರು. ಅವನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ಸುಮ್ಮನೆ ಹರಿಯಬಿಟ್ಟು ನಿಲ್ಲುತ್ತಿದ್ದ.

ಹೆಚ್ಚು ದಿನ ಹಾಗೆ ನಡೆಯಲಿಲ್ಲ. ಒಂದು ಮಧ್ಯಾಹ್ನ ತಂಗಿ ಬಾಗಿಲು ತಟ್ಟಿದಾಗ ಹೆಂಡತಿಗೆ ಎದ್ದು ಕೂರಲಾಗಲಿಲ್ಲ. ಮಾರನೆಯ ದಿನ ಜೀವ ಹೋಯಿತು.

ಎಲ್ಲ ಮುಗಿಸಿ ಬಂದು, ಬಂದವರೆಲ್ಲ ಹೊರಟುಹೋದ ಮೇಲೆ, ನಾದಿನಿ ಅಡುಗೆಮನೆಯಲ್ಲಿ ಅವನಿಗೆ ಕಾಫಿ ಬೆರೆಸಿ ಕೊಟ್ಟಳು. ಕಣ್ಣು ಊದಿದ್ದರೂ ಮುಖದಲ್ಲಿ ಏನೋ ಒಂದು ನೆಮ್ಮದಿಯಿತ್ತು.

“ಕೊನೇವರೆಗೂ ಅಕ್ಕನಿಗೆ ಏನೂ ಗೊತ್ತಾಗ್ಲಿಲ್ಲ ಭಾವ. ಅದೊಂದೇ ಸಮಾಧಾನ.”

ಅವನು ಲೋಟದ ಅಂಚು ಒರೆಸಿದ.

“ಹೌದಮ್ಮ” ಎಂದ. “ಗೊತ್ತಾಗ್ಲಿಲ್ಲ.”