ಮೂರನೇ ಪುಟ

"ಅದು ಸೀಸದ ವಿಷ, ಮೇಡಂ. ಒಸಡಿನ ಮೇಲೆ ನೀಲಿ ಗೆರೆ ಇದೆಯಲ್ಲ!"

ಹೇಳಿದ್ದೇ ತಡ, ಪುಟ್ಟಿ ಓರೆಗಣ್ಣಿನಿಂದ ಅಪ್ಪನ ಕಡೆ ನೋಡಿದಳು. ಮೈಕಿಗೆ ಸದ್ದು ಹೋದೀತೆಂದು ಹೊಲಿಗೆ ಮೆಷಿನ್ನು ನಿಲ್ಲಿಸಿ, ಅರ್ಧ ಹೊಲಿದ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ದರ್ಜಿಯ ಮುಖ ಊರಗಲವಾಯಿತು. ಮಗಳು ಡಾಕ್ಟರಾಗುವುದನ್ನು ಕಣ್ಣಾರೆ ನೋಡಬೇಕೆಂದು ಅವನಿಗೆ ಬಲು ಆಸೆ.

ಆದರೆ ಲ್ಯಾಪ್‌ಟಾಪಿನಲ್ಲಿ ಯಾರೂ ಪಿಟಕ್ಕೆನ್ನಲಿಲ್ಲ. ಈ ಆನ್‌ಲೈನ್ ತರಗತಿಯ ಕ್ರಮವೇ ಬೇರೆ. ಪಾಠವೆಂಬುದಿಲ್ಲ, ಒಬ್ಬ ರೋಗಿಯ ಕಥೆಯನ್ನು ಮೇಡಂ ಒಂದೊಂದೇ ಪುಟವಾಗಿ ತೆರೆಯುತ್ತಾರೆ, ವಿದ್ಯಾರ್ಥಿಗಳು ತಲೆ ಕೆರೆದುಕೊಂಡು ಕಾಯಿಲೆಯ ಜಾಡು ಹಿಡಿಯಬೇಕು. ಪರದೆಯ ಮೇಲೆ ಈಗಿದ್ದದ್ದು ಇಷ್ಟೇ: ಹೊಟ್ಟೆನೋವೆಂದು ಬಂದ, ಬಿಳಿಚಿಕೊಂಡ ಒಬ್ಬ ಕಾರ್ಮಿಕ.

"ಅವರ ಬಾಯಿ ತೆಗೆಸಿ ಯಾರು ನೋಡಿದ್ರಮ್ಮ?" ಮೇಡಂ ಮೆಲ್ಲಗೆ ಕೇಳಿದರು. "ಒಸಡಿನ ವಿಷಯ ಮೂರನೇ ಪುಟದಲ್ಲಿದೆ. ನಾನಿನ್ನೂ ಮೊದಲನೇದರಲ್ಲೇ ಇದ್ದೀನಿ."

ಅವಳ ಕಿವಿ ಬಿಸಿಯಾಯಿತು. ಸೀನಿಯರ್ ಒಬ್ಬಳ ಹತ್ತಿರ ಗೋಗರೆದು ಎಲ್ಲ ಪುಟಗಳನ್ನೂ ಮೊದಲೇ ತರಿಸಿಕೊಂಡು ಓದಿದ್ದಳು. ನಡುನಡುವೆ ಅನುಮಾನ ಪಡುವ ನಾಟಕವನ್ನೂ ಯೋಚಿಸಿಟ್ಟಿದ್ದಳು. ಅಪ್ಪ ಬಂದು ಕೂತ ಮೇಲೆ ನಾಲಿಗೆ ನಿಲ್ಲಲಿಲ್ಲ. ಪರದೆಯಲ್ಲಿ ಗೆಳತಿಯೊಬ್ಬಳು ಕ್ಯಾಮೆರಾ ಆರಿಸಿದಳು, ಆಮೇಲೆ ಇನ್ನೊಬ್ಬಳು. "ಇವತ್ತಿಗೆ ಸಾಕು" ಎಂದರು ಮೇಡಂ. ಅವರು ಬೈದಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ದರ್ಜಿ ಆಗಲೇ ಅಕ್ಕನಿಗೆ ಫೋನ್ ಮಾಡಿದ್ದ. "ಮೇಡಂ ಇನ್ನೂ ಮೊದಲನೇ ಪುಟದಲ್ಲಿದ್ರು ಕಣಕ್ಕಾ, ನಮ್ಮ ಪುಟ್ಟಿ ಮೂರನೇದಕ್ಕೆ ಹಾರಿಬಿಟ್ಲು! ಎಲ್ಲರೂ ಗಪ್‌ಚಿಪ್!"

"ಅಪ್ಪಾ, ಹಾಗಲ್ಲ..."

"ತಗೋ, ಅತ್ತೆ ಮಾತಾಡ್ಬೇಕಂತೆ."

"ನೋಡದೇನೇ ಕಾಯಿಲೆ ಹೇಳ್ತೀಯಂತಲ್ಲೇ!" ಅತ್ತೆಯ ದನಿಯಲ್ಲಿ ನಗು, ಅದರಡಿ ಸಣ್ಣ ಏದುಸಿರು. "ನನಗೂ ಮೆಟ್ಟಿಲು ಹತ್ತಿದ್ರೆ ಎದೇಲಿ ಏನೋ ಒತ್ತಿದ ಹಾಗಾಗತ್ತೆ ಕಣೇ. ಆಸ್ಪತ್ರೆಗೆ ಹೋಗೋಣ ಅಂತಿದ್ದೆ. ನೀನಿರುವಾಗ ಅದೆಲ್ಲ ಯಾಕೆ? ಗ್ಯಾಸಾ, ಹೇಳಿಬಿಡು."

ಹೌದೆಂದಿದ್ದರೆ ಅತ್ತೆ ನಂಬಿಬಿಡುತ್ತಿದ್ದರು.

"ನನಗೆ ಗೊತ್ತಿಲ್ಲ ಅತ್ತೆ. ನನ್ನ ಮಾತು ಕೇಳ್ಕೊಂಡು ಮನೇಲಿ ಕೂತ್ಕೋಬೇಡಿ. ಆ ಕಾಯಿಲೆ ನಾನು ಕಂಡುಹಿಡಿದಿದ್ದಲ್ಲ. ಉತ್ತರ ಮೊದಲೇ ಕದ್ದು ಓದಿದ್ದೆ. ನೀವು ಈಗಲೇ ಆಸ್ಪತ್ರೆಗೆ ಹೊರಡಿ, ನಾನೂ ಬರ್ತೀನಿ."

ಫೋನಿಟ್ಟು ಚಪ್ಪಲಿ ಮೆಟ್ಟಿಕೊಳ್ಳುತ್ತ ತಿರುಗಿ ನೋಡಿದಳು. ಅಪ್ಪ ತಲೆಯೆತ್ತಲಿಲ್ಲ. ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಕಣ್ಣು ಕಿರಿದು ಮಾಡಿ, ಸೂಜಿಗೆ ಪೋಣಿಸುತ್ತಿದ್ದ. ಸೂಜಿಯಲ್ಲಿ ದಾರ ಆಗಲೇ ಇತ್ತು.